ಟೈಲರಮ್ಮ ಹೂತ ಬಟ್ಟೆ

ಎಲೆಕೋಸಿನ ಒಂದು ಎಲೆಯಿಂದ ಇಷ್ಟೆಲ್ಲ ರಾದ್ಧಾಂತ ಶುರುವಾಯಿತು ಅಂದರೆ ಯಾರೂ ನಂಬಲಿಕ್ಕಿಲ್ಲ. ನಂಬದವರು ಟೈಲರಮ್ಮನನ್ನೇ ಕೇಳಿಕೊಳ್ಳಲಿ. ಅವಳಿಗೆ ಸುಳ್ಳು ಹೇಳುವ ಅಭ್ಯಾಸವೂ ಇಲ್ಲ, ಪುರುಸೊತ್ತೂ ಇಲ್ಲ.

ಟೈಲರಮ್ಮ ಅಂದರೆ ಬೀದಿಯ ಕೊನೆಯ ಮನೆಯ ಯಜಮಾನಿ. ಜಗಲಿಯ ಮೇಲೆ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ ಇಟ್ಟುಕೊಂಡು ಅರ್ಧ ಊರಿನ ಅಂಗಿ, ಲಂಗ, ದಿಂಬಿನ ಚೀಲ ಹೊಲಿದವಳು. ಮನೆಯಲ್ಲಿ ಅವಳ ಜೊತೆ ಮೂವರು. ಮಗ, ಮನೆಯ ಹಿಂದಿನ ಹೊಲದಲ್ಲಿ ಕ್ಯಾರೆಟ್ ಬೆಳೆಯುವವನು. ಸೊಸೆ, ಅದೇ ಕ್ಯಾರೆಟ್ಟನ್ನು ಶೆಡ್ಡಿನಲ್ಲಿ ತೊಳೆದು, ಆರಿಸಿ, ಪೆಟ್ಟಿಗೆಗೆ ತುಂಬುವವಳು. ಮುಂದಿನ ಕೋಣೆಯಲ್ಲಿ ದೊಡ್ಡಪ್ಪ, ಅಂದರೆ ಟೈಲರಮ್ಮನ ಗಂಡನ ಅಣ್ಣ; ಮದುವೆ ಮಕ್ಕಳ ತಾಪತ್ರಯ ಹಚ್ಚಿಕೊಳ್ಳದೆ, ಹಲ್ಲನ್ನೆಲ್ಲ ಕಳೆದುಕೊಂಡು ನಾಲಿಗೆಯನ್ನು ಮಾತ್ರ ಚೂಪಾಗಿ ಉಳಿಸಿಕೊಂಡ ಮುದುಕ.

ಇನ್ನು ಟೈಲರಮ್ಮನ ಗಂಡ. ಅವನು ನಾಲ್ಕು ವರ್ಷದಿಂದ ಹೊಲದ ಮೂಲೆಯಲ್ಲಿ ಮಲಗಿದ್ದ. ತಾನು ಉತ್ತ ನೆಲದಲ್ಲೇ ತನ್ನನ್ನು ಇಡಬೇಕು, ಹೆಂಡತಿ ಬಂದಾಗ ಅವಳನ್ನೂ ಅದೇ ಗುಂಡಿಯಲ್ಲಿ ಇಡಬೇಕು ಅಂತ ಹೇಳಿ ಹೋಗಿದ್ದ. ಆ ಮನೆತನದಲ್ಲಿ ಗಂಡ ಹೆಂಡಿರಿಗೆ ಒಂದೇ ಗುಂಡಿ. ಮೊದಲು ಹೋದವರು ಮಣ್ಣಾಗಿ ಜಾಗ ಬಿಟ್ಟುಕೊಡುತ್ತಾರೆ, ಹಿಂದಿನಿಂದ ಹೋದವರು ಮಲಗುತ್ತಾರೆ. ಟೈಲರಮ್ಮನಿಗೆ ಈ ಏರ್ಪಾಟಿನ ಮೇಲೆ ಎಷ್ಟು ಭರವಸೆ ಅಂದರೆ, ಸಾವಿನ ಮಾತು ಬಂದಾಗಲೆಲ್ಲ ಅವಳಿಗೆ ಭಯಕ್ಕಿಂತ ನೆಮ್ಮದಿಯೇ ಹೆಚ್ಚು. ನಲವತ್ತು ವರ್ಷ ಒಟ್ಟಿಗೆ ಬಾಳಿದವಳಿಗೆ ಬೇರೆ ಕಡೆ ಮಲಗುವ ಯೋಚನೆಯೇ ಬಂದಿರಲಿಲ್ಲ.

ಹಿತ್ತಲಿನಲ್ಲಿ ಲಾರಿ ತಿರುಗಲಿ ಅಂತ ಮಗ ಸಿಮೆಂಟ್ ಹಾಕಿಸಿದಾಗ ಹಳೆಯ ತಿಪ್ಪೆ ಮುಚ್ಚಿಹೋಯಿತು. ಅಡುಗೆಮನೆಯ ಕಸಕ್ಕೆ ಹೊಲದ ಅಂಚಿನಲ್ಲಿ ಹೊಸ ಗುಂಡಿ ತೋಡಿದರು. ಚಳಿ ಬಂದು ಹೋಗುವಷ್ಟು ಕಾಲ ಟೈಲರಮ್ಮ ಅಲ್ಲಿ ಸಿಪ್ಪೆ ಸುರಿದು, ಮೇಲೆ ಮಣ್ಣೆಳೆದು ಬಂದಳು. ಗುಂಡಿ ತುಂಬಿತು. ಒಂದಷ್ಟು ಗೊಬ್ಬರ ತೆಗೆದು ಬಾಗಿಲ ಮುಂದಿನ ಕುಂಡಕ್ಕೆ ಹಾಕೋಣ ಅಂತ ಸನಿಕೆ ಹಿಡಿದು ಕೆದಕಿದಳು.

ಗೊಬ್ಬರ ಎಲ್ಲಿ ಬಂತು! ತಳದಿಂದ ಎದ್ದು ಬಂದದ್ದು ಎಲೆಕೋಸಿನ ಎಲೆ. ಬಾಡಿತ್ತು, ಬಣ್ಣ ಇಳಿದಿತ್ತು, ಆದರೆ ಕೊಳೆತಿರಲಿಲ್ಲ. ಅವಳ ಚಾಕು ಕಚ್ಚಿದ ಗುರುತು ಅಂಚಿನಲ್ಲಿ ಹಾಗೇ ಇತ್ತು. ಅದರ ಕೆಳಗೆ ಆಲೂಗಡ್ಡೆ ಸಿಪ್ಪೆ, ಅವಳು ಹೆರೆದ ಹಾಗೇ ಒಂದೇ ಸುರುಳಿಯಾಗಿ. ಮೂಗಿನ ಹತ್ತಿರ ಹಿಡಿದಳು. ವಾಸನೆಯೇ ಇಲ್ಲ. ಕಸದ ಗುಂಡಿಯ ಮೇಲೆ ಒಂದು ನೊಣವೂ ಇರಲಿಲ್ಲ. ಟೈಲರಮ್ಮ ಸುತ್ತ ಒಮ್ಮೆ ನೋಡಿ, ಯಾರೋ ಹಿಂದೆ ನಿಂತಿದ್ದಾರೆ ಅನ್ನಿಸಿ, ಸನಿಕೆ ಅಲ್ಲೇ ಬಿಟ್ಟು ಮನೆಗೆ ಬಂದಳು.

ರಾತ್ರಿ ಊಟಕ್ಕೆ ಕೂತಾಗ ಆ ಎಲೆಯನ್ನು ಮೇಜಿನ ಮೇಲೆ ಇಟ್ಟಳು.

"ಏನಮ್ಮ ಇದು, ಊಟದ ಹೊತ್ತಲ್ಲಿ?" ಅಂದ ಮಗ.

"ನೀನೇ ಹೇಳು. ಚಳಿಗಾಲದ ಮೊದಲು ಹೂತಿದ್ದು. ಯಾಕೆ ಕೊಳೆತಿಲ್ಲ?"

ಮಗ ಎಲೆಯನ್ನು ತಿರುಗಿಸಿ ನೋಡಿ ನಕ್ಕುಬಿಟ್ಟ. "ಔಷಧಿ ಬಿದ್ದ ಮಣ್ಣಲ್ವಾ ಅಮ್ಮ. ಅಲ್ಲಿ ಕೊಳೆಸೋಕೆ ಯಾರೂ ಇಲ್ಲ."

"ಯಾರೂ ಇಲ್ಲ ಅಂದ್ರೆ?"

"ಹುಳು, ಹುಪ್ಪಟೆ, ಬೂಷ್ಟು, ಏನೂ ಇಲ್ಲ. ಇದ್ರೆ ಕ್ಯಾರೆಟ್ ಕಚ್ಚುತ್ವೆ. ಕಚ್ಚಿದ್ರೆ ಕವಲೊಡೆಯುತ್ತೆ. ಕವಲೊಡೆದಿದ್ದನ್ನ ನಮ್ಮ ಬೆಳೆ ಕೊಳ್ಳೋ ಕಾರ್ಖಾನೆಯವರು ಕಣ್ಣೆತ್ತಿಯೂ ನೋಡಲ್ಲ."

"ಹಾಗಾದ್ರೆ ಒಳ್ಳೇದೇ ಆಯ್ತು," ಅಂದ ದೊಡ್ಡಪ್ಪ, ಬೆಂದ ಮೊಟ್ಟೆಯನ್ನು ಒಸಡಿನಲ್ಲಿ ಅರೆಯುತ್ತ. "ಫ್ರಿಜ್ಜು ಮಾರಿಬಿಡಿ. ಮಿಕ್ಕ ಅನ್ನಾನ ಹೊಲದಲ್ಲಿ ಹೂತಿಟ್ಟು ನಾಳೆ ತೆಗೆದು ತಿನ್ನೋಣ."

ಸೊಸೆ ಕಿಸಕ್ಕನೆ ನಕ್ಕಳು. ಟೈಲರಮ್ಮ ನಗಲಿಲ್ಲ.

ಮಗನ ಕೆಲಸದ ರೀತಿ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಬಿತ್ತುವ ಮೊದಲು ಟ್ರಾಕ್ಟರಿಗೆ ಉದ್ದುದ್ದ ಹಲ್ಲಿನ ಒಂದು ಸಲಕರಣೆ ಕಟ್ಟಿ, ನೆಲದ ಒಳಕ್ಕೆ ಔಷಧಿ ಹರಿಸುತ್ತಾನೆ. ಹಿಂದೆಯೇ ಇಡೀ ಹೊಲಕ್ಕೆ ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಮಣ್ಣು ಒತ್ತುತ್ತಾನೆ. ಆವಿ ಒಳಗೇ ತಿರುಗಿ ತಿರುಗಿ ಇದ್ದಬದ್ದ ಜೀವವನ್ನೆಲ್ಲ ಮುಗಿಸುತ್ತದೆ. ಆ ವಾರಗಳಲ್ಲಿ ಮನೆಯ ಕಿಟಕಿ ತೆಗೆಯುವಂತಿಲ್ಲ. ಆಮೇಲೆ ಹೊದಿಕೆ ಕಿತ್ತರೆ ಮಣ್ಣು ಜರಡಿ ಹಿಡಿದ ಹಿಟ್ಟಿನ ಹಾಗೆ. ಅದರಲ್ಲಿ ಬೆಳೆದ ಕ್ಯಾರೆಟ್ಟು ಎಲ್ಲ ಒಂದೇ ಉದ್ದ, ಒಂದೇ ದಪ್ಪ. ವರ್ಷಕ್ಕೆ ಮೂರು ಬೆಳೆ, ಮೂರು ಸಲ ಔಷಧಿ. ಊರಿನವರು ಬಂದು ಮೂಗಿನ ಮೇಲೆ ಬೆರಳಿಟ್ಟು ನೋಡಿ ಹೋಗುತ್ತಿದ್ದರು. ಟೈಲರಮ್ಮನೂ ಹೆಮ್ಮೆಪಟ್ಟಿದ್ದಳು. ಬಾವಿಯ ನೀರು ಕುಡಿಯುವುದನ್ನು ನಿಲ್ಲಿಸಿ ಕ್ಯಾನಿನ ನೀರು ತರಿಸಲು ಶುರುಮಾಡಿದಾಗಲೂ ಅವಳು ಕಾರಣ ಕೇಳಿರಲಿಲ್ಲ.

ಈಗ ಮಾತ್ರ ಕಣ್ಣು ಅತ್ತಲೇ ಹೋಗತೊಡಗಿತು. ಮಗ ಉಳುವಾಗ ಟ್ರಾಕ್ಟರಿನ ಹಿಂದೆ ಒಂದು ಹಕ್ಕಿಯೂ ಇಳಿಯುತ್ತಿರಲಿಲ್ಲ. ಪಕ್ಕದ ಬಯಲಿನಲ್ಲಿ ಗಲಾಟೆ ಮಾಡುವ ಕಾಗೆಗಳು ಬೇಲಿಯ ತನಕ ಬಂದು ತಿರುಗಿ ಹೋಗುತ್ತಿದ್ದವು. ಮಳೆ ಬಿದ್ದರೆ ನೀರು ಇಂಗುತ್ತಿರಲಿಲ್ಲ, ತಟ್ಟೆಯಲ್ಲಿ ನಿಂತ ಹಾಗೆ ನಿಲ್ಲುತ್ತಿತ್ತು. ಕಪ್ಪೆ ಕೂಗಿ ಯಾವ ಕಾಲವಾಯಿತೋ. ಬೀದಿಯ ನಾಯಿ ಸೊಸೆಯ ಹಿಂದೆ ಶೆಡ್ಡಿಗೆ ಹೋಗುವಾಗ ಹೊಲದ ನಡುವಿನ ಸೀಳುದಾರಿ ಬಿಟ್ಟು ಇಡೀ ಬೇಲಿ ಸುತ್ತಿ ಬರುತ್ತಿತ್ತು. ಕಾಲುವೆಯ ಬದಿಯಲ್ಲಿ ಒಂದು ಗುಬ್ಬಿ ಸತ್ತು ಬಿದ್ದಿತ್ತು. ಟೈಲರಮ್ಮ ದಿನಾ ಹೋಗಿ ನೋಡಿದಳು. ಇರುವೆ ಮುತ್ತಲಿಲ್ಲ. ರೆಕ್ಕೆ ಮಡಿಸಿಕೊಂಡು, ಈಗ ತಾನೇ ಮಲಗಿದ ಹಾಗೆ, ಅದು ಅಲ್ಲೇ ಇತ್ತು.

"ನೀವು ಯಾಕತ್ತೆ ಅದನ್ನೇ ನೋಡ್ತೀರಿ? ಎತ್ತಿ ಬಿಸಾಕ್ಬಾರ್ದಾ?" ಅಂದಳು ಸೊಸೆ.

"ಎಲ್ಲಿಗೆ ಬಿಸಾಕ್ಲಿ? ಎಲ್ಲಿ ಬಿಸಾಕಿದ್ರೂ ಹಾಗೇ ಇರುತ್ತಲ್ಲೇ."

ಬಟ್ಟೆಯ ಕಸುಬಿನವಳಿಗೆ ಬಟ್ಟೆಯದ್ದೇ ಯೋಚನೆ. ಹತ್ತಿ ಬಟ್ಟೆ ನೆಲದ ತೇವಕ್ಕೆ ಬಿದ್ದರೆ ಏನಾಗುತ್ತದೆ ಅಂತ ಯಾವ ಟೈಲರಿಗೂ ಗೊತ್ತು. ಕೆಳಗೆ ಜಾರಿದ ತುಂಡನ್ನು ಮಳೆಗಾಲದಲ್ಲಿ ಮರೆತರೆ ಮುಗಿದೇ ಹೋಯಿತು. ಒಂದೇ ಥಾನಿನ ಬಿಳಿ ಹತ್ತಿಯಲ್ಲಿ ಅವಳು ಕರವಸ್ತ್ರದಷ್ಟು ಎರಡು ತುಂಡು ಕತ್ತರಿಸಿದಳು. ಒಂದನ್ನು ಹೊಲದಲ್ಲಿ ಹೂತಳು. ಇನ್ನೊಂದನ್ನು ಬೀದಿಯಾಚೆ, ಯಾರೂ ಉಳದ ಗುಡ್ಡದ ಬುಡದಲ್ಲಿ, ಒಂದು ಮರದ ಕೆಳಗೆ ಹೂತು ಕಲ್ಲಿಟ್ಟಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಅರಳುಮರುಳು ಅನ್ನುತ್ತಾರೆ.

ಕ್ಯಾರೆಟ್ ಕಿತ್ತು ಮುಗಿಯುವ ಹೊತ್ತಿಗೆ ಎರಡನ್ನೂ ತೆಗೆದಳು. ಗುಡ್ಡದ ತುಂಡು ಬಟ್ಟೆಯಾಗಿ ಉಳಿದಿರಲಿಲ್ಲ. ಕೈಯಲ್ಲಿ ಹಿಡಿದರೆ ಜಾಲರಿ, ಒತ್ತಿದರೆ ಪುಡಿ, ನಡುವೆ ಏನೇನೋ ಹರಿದಾಡುತ್ತಿತ್ತು. ಹೊಲದ ತುಂಡನ್ನು ಕೊಡವಿದಳು, ಮಣ್ಣು ಉದುರಿತು, ಬಿಳಿ ಬಟ್ಟೆ ಬಿಳಿಯಾಗಿಯೇ ಇತ್ತು. ಒಗೆದು ತಂತಿಯ ಮೇಲೆ ಹಾಕಿದಳು. ಸಂಜೆ ಸೊಸೆ ಇಸ್ತ್ರಿ ಮಾಡುವಾಗ ಅದಕ್ಕೂ ಇಸ್ತ್ರಿ ಹೊಡೆದು, ಮಡಿಸಿ, ತಂದುಕೊಟ್ಟಳು.

"ಚೆನ್ನಾಗಿದೆ ಅತ್ತೆ ಬಟ್ಟೆ. ಹೊಸದಾ?"

ಟೈಲರಮ್ಮ ಅದಕ್ಕೆ ಕೈ ಚಾಚಲಿಲ್ಲ. "ಹೂತಿದ್ದ ಬಟ್ಟೆ ಕಣೇ ಅದು," ಅಂದಳು.

ಆ ರಾತ್ರಿ ಊಟದ ಮೇಜಿನ ಮೇಲೆ ಎರಡೂ ತುಂಡು ಬಂದವು. ಟೈಲರಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಗ ತಟ್ಟೆಯಿಂದ ಕಣ್ಣೆತ್ತಲಿಲ್ಲ. ದೊಡ್ಡಪ್ಪ ಎರಡನ್ನೂ ಬೆಳಕಿಗೆ ಹಿಡಿದು ನೋಡಿದ. ತಮಾಷೆಗೆ ಬಾಯಿ ತೆರೆದವನು ಹಾಗೇ ನಿಂತ. ಆಮೇಲೆ, ಯಾರೂ ಕೇಳಬಾರದಿದ್ದ ಮಾತನ್ನು ಆ ಮುದುಕನೇ ಕೇಳಿದ.

"ಹಾಗಾದ್ರೆ ನನ್ನ ತಮ್ಮ?"

ಸೊಸೆಯ ಕೈಯ ಚಮಚ ತಟ್ಟೆಗೆ ತಾಗಿ ಸಣ್ಣಗೆ ಸದ್ದಾಯಿತು.

"ನಾಲ್ಕು ವರ್ಷ ಆಯ್ತು," ಅಂದ ದೊಡ್ಡಪ್ಪ. "ಬಟ್ಟೇನೇ ಹೀಗಿದ್ರೆ..."

"ದೊಡ್ಡಪ್ಪ, ಸುಮ್ನಿರಿ," ಅಂದ ಮಗ.

ಟೈಲರಮ್ಮ ಮಗನ ಕಡೆ ತಿರುಗಿದಳು. "ಅಪ್ಪನ ಜಾಗಕ್ಕೂ ಹಾಕಿದ್ದೀಯೇನೋ?"

ಮಗ ಅನ್ನವನ್ನು ತಟ್ಟೆಯ ಅಂಚಿಗೆ ಒತ್ತರಿಸತೊಡಗಿದ.

"ಹಾಕಿದ್ದೀಯಾ ಇಲ್ವಾ, ಬಾಯಿಬಿಟ್ಟು ಹೇಳು!"

"ನೀನೇ ಅಲ್ವಾ ಅಮ್ಮ ಹೇಳಿದ್ದು? ಅಪ್ಪನ ಮೇಲೆ ಒಂದು ಹುಲ್ಲುಕಡ್ಡಿ ಕೂಡ ಬೆಳೀಬಾರ್ದು ಅಂತ. ಕಳೆ ಕಂಡ್ರೆ ಅಪ್ಪಂಗೆ ಆಗ್ತಿರ್ಲಿಲ್ಲ ಅಂತ. ಪ್ರತಿ ಸಲ ಹೊಲಕ್ಕೆ ಹಾಕೋ ಮೊದ್ಲು ಅಲ್ಲಿಗೆ ಹಾಕ್ತೀನಿ. ಟ್ರಾಕ್ಟರ್ ಹತ್ತಿಸೋಕೆ ಮನಸ್ಸು ಬರಲ್ಲ, ಕೈಯಲ್ಲೇ ಕೊಳವೆ ಚುಚ್ಚಿ ಹಾಕ್ತೀನಿ. ಸ್ವಲ್ಪ ಜಾಸ್ತೀನೇ ಹಾಕ್ತೀನಿ." ಲೋಟ ಎತ್ತಿ, ಕುಡಿಯದೆ ಕೆಳಗಿಟ್ಟ. "ಚೆನ್ನಾಗಿರ್ಲಿ ಅಂತ."

ಹೌದು. ಅವಳೇ ಹೇಳಿದ್ದಳು. ಊರಿಗೆಲ್ಲ ತೋರಿಸಿ ಹೆಮ್ಮೆಪಟ್ಟಿದ್ದಳು: ನೋಡಿ, ನನ್ನ ಮಗ ಅವರಪ್ಪನ ಜಾಗ ಎಷ್ಟು ಚೊಕ್ಕಟವಾಗಿ ಇಟ್ಟಿದ್ದಾನೆ, ಗುಡಿಸಿದ ಅಂಗಳದ ಹಾಗೆ. ತಾನು ಹೊಲಿದು ಹಾಕಿಸಿದ ಬಿಳಿ ಅಂಗಿ ಕಣ್ಣ ಮುಂದೆ ಬಂತು. ಅಪ್ಪಟ ಹತ್ತಿ. ಟೈಲರಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದಳು. ಆ ದಿನ ಯಾರೂ ಪೂರ್ತಿ ಉಣ್ಣಲಿಲ್ಲ.

ಅಲ್ಲಿಂದ ಮುಂದೆ ಮನೆ ಮನೆಯಾಗಿ ಉಳಿಯಲಿಲ್ಲ. ದೊಡ್ಡಪ್ಪ ಹೊಲದ ಕ್ಯಾರೆಟ್ ಮುಟ್ಟುವುದಿಲ್ಲ ಅಂತ ಹಟ ಹಿಡಿದ. ಸೊಸೆ ಹೆರೆದು ಬೇಯಿಸಿ ತಂದಿಟ್ಟರೆ ಒಂದೊಂದನ್ನೇ ಎತ್ತಿ ಮೂಸಿ ಪಕ್ಕಕ್ಕಿಡುತ್ತಿದ್ದ.

"ತಿನ್ನಿ ದೊಡ್ಡಮಾವ. ಊರೆಲ್ಲ ತಿನ್ನುತ್ತೆ ಇದನ್ನ."

"ಊರಿಗೆ ಗೊತ್ತಿಲ್ಲ, ತಿನ್ನುತ್ತೆ. ನನಗೆ ಗೊತ್ತಿದೆಯಲ್ಲಮ್ಮ. ಮತ್ತೆ ಇನ್ನೊಂದು ಮಾತು, ಎಲ್ಲರೂ ಕೇಳಿಸ್ಕೊಳ್ಳಿ. ನಾನು ಸತ್ರೆ ನನ್ನನ್ನ ಆ ಹೊಲದ ಹತ್ರಾನೂ ತಗೊಂಡು ಹೋಗ್ಬೇಡಿ. ಬದುಕಿದ್ದಾಗ ಯಾರಿಗೂ ಬೇಡವಾದ ಮುಖ ಇದು. ಸತ್ತ ಮೇಲೂ ಉಪ್ಪಿನಕಾಯಿ ಹಾಕಿ ಇಟ್ಕೋಬೇಕಾ?"

ಮೊದಲಾದರೆ ಎಲ್ಲರೂ ನಗುತ್ತಿದ್ದರು. ಈಗ ಆ ಮಾತು ಗೋಡೆಗೆ ಬಡಿದು ಬಿತ್ತು.

ಟೈಲರಮ್ಮ ಹೊಲಿಯಲು ಕೂತರೂ ಕೈ ಓಡುತ್ತಿರಲಿಲ್ಲ. ಒಂದು ಹುಡುಗಿಯ ಲಂಗಕ್ಕೆ ಸೊಂಟಪಟ್ಟಿಯನ್ನು ತಿರುಗುಮುರುಗು ಹಚ್ಚಿ ಬಿಚ್ಚಿದಳು. ದಿನಾ ಬೆಳಗ್ಗೆ ಚಹಾ ಕುಡಿದು ಹೊಲದ ಮೂಲೆಗೆ ಹೋಗಿ ನಿಲ್ಲುತ್ತಿದ್ದಳು. ಮೊದಲೆಲ್ಲ ಅಲ್ಲಿ ನಿಂತು ಗಂಡನಿಗೆ ಮನೆಯ ಸುದ್ದಿ ಹೇಳುತ್ತಿದ್ದವಳು. ಯಾರ ಬಟ್ಟೆ ಬಂತು, ಸೊಸೆ ಏನು ಅಂದಳು, ಅಣ್ಣನ ಕೆಮ್ಮು ಹೇಗಿದೆ. ಮಣ್ಣಿಗೆ ಮಾತಾಡುವುದು ಸುಲಭ. ಈಗ ಮಾತು ಹೊರಡುತ್ತಿರಲಿಲ್ಲ. ಕೆಳಗೆ ಮಣ್ಣಿಲ್ಲ, ಮನುಷ್ಯ ಇದ್ದಾನೆ, ಕೇಳಿಸಿಕೊಳ್ಳುತ್ತಿದ್ದರೆ? ಅವಳ ಹಿಂದಿನ ದಿನದ ಹೆಜ್ಜೆ, ಅದರ ಹಿಂದಿನ ದಿನದ ಹೆಜ್ಜೆ, ಎಲ್ಲ ಆ ಹಿಟ್ಟು ಮಣ್ಣಿನಲ್ಲಿ ಅಚ್ಚೊತ್ತಿದ ಹಾಗೇ ಉಳಿದಿದ್ದವು. ಗಾಳಿಯೂ ಅವನ್ನು ಅಳಿಸಿರಲಿಲ್ಲ.

ಮಗನೂ ಆ ಮೂಲೆಗೆ ಹೋಗುವುದನ್ನು ಬಿಟ್ಟಿದ್ದ. ಉಳುವಾಗ ನಾಲ್ಕು ಸಾಲು ಮೊದಲೇ ಟ್ರಾಕ್ಟರ್ ತಿರುಗಿಸಿಬಿಡುತ್ತಿದ್ದ. ಸೊಸೆ ಅದನ್ನು ಗಮನಿಸಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಅತ್ತೆಗೆ ಹೇಳಿದಳು.

"ನಿದ್ದೆಯಲ್ಲಿ ಎದ್ದು ಕೂರ್ತಾರೆ ಅತ್ತೆ. ಏನು ಅಂತ ಕೇಳಿದ್ರೆ ಹೇಳಲ್ಲ."

ಮಗ ಹೇಳಿದ್ದು ತಾಯಿಗೆ. ಒಂದು ಮಧ್ಯಾಹ್ನ ಜಗಲಿಗೆ ಬಂದು, ಹರಿದ ಕೈಚೀಲ ಕೊಡುವ ನೆಪದಲ್ಲಿ ಯಂತ್ರದ ಪಕ್ಕ ಕೂತ. ಚೀಲದ ಹಿಡಿಯನ್ನು ತಿರುಚುತ್ತ, "ಅಮ್ಮ, ನನಗೆ ಭಯ ಆಗ್ತಿದೆ," ಅಂದ. "ಅಲ್ಲಿ ಹತ್ರ ಹೋದ್ರೆ ಅಪ್ಪ ಕೆಳಗಡೆ ಕಣ್ಣು ಬಿಟ್ಕೊಂಡಿದ್ದಾರೆ ಅನ್ಸುತ್ತೆ. ನಾನು ಏನು ಮಾಡ್ತಿದ್ದೀನಿ ಅಂತ ನೋಡ್ತಿದ್ದಾರೆ ಅನ್ಸುತ್ತೆ."

"ತೆಗೆದು ಬೇರೆ ಕಡೆ ಇಡೋಣ ಕಣೋ."

"ಬೇಡ! ತೆಗೆದು ನೋಡೋದು ಬೇಡ. ಹೇಗಿದ್ದಾರೋ ಹಾಗೇ ಇರ್ಲಿ."

"ಹೇಗಿದ್ದಾರೋ ಹಾಗೇ ಇರೋದೇ ಅಲ್ವೇನೋ ಕಷ್ಟ!" ಅಂದಳು ಟೈಲರಮ್ಮ. "ಅವರಿಗೆ ಮುಕ್ತಿ ಬೇಡ್ವಾ? ನಾಳೆ ನಾನು ಹೋದ್ರೆ ನನ್ನನ್ನ ಎಲ್ಲಿ ಇಡ್ತೀಯ? ಅವರ ಎದೆ ಮೇಲೆ ಕೂರಿಸ್ತೀಯಾ? ನಾವಿಬ್ರೂ ಹಾಗೇ ಮುಖಾಮುಖಿ ಬಿದ್ಕೊಂಡಿರ್ಬೇಕಾ, ಯುಗಯುಗ?"

ಮಗ ಕೈಚೀಲವನ್ನು ಅಲ್ಲೇ ಬಿಟ್ಟು ಎದ್ದುಹೋದ.

ಆ ವಾರವೇ ಲಾರಿ ಬಂದು ಹಿತ್ತಲಿನ ಸಿಮೆಂಟಿನ ಮೇಲೆ ನೀಲಿ ಪೀಪಾಯಿಗಳನ್ನು ಇಳಿಸಿತು. ಬಿತ್ತನೆಯ ಸಮಯ. ಕಾರ್ಖಾನೆಯವರ ಫೋನ್ ಮೇಲೆ ಫೋನ್. ಮಗ ಪ್ಲಾಸ್ಟಿಕ್ಕಿನ ಸುರುಳಿಗಳನ್ನು ಹೊಲದ ಬದಿಗೆ ಸಾಲಾಗಿ ಇರಿಸಿದ. ಊಟಕ್ಕೆ ಬಂದವನು ತಲೆ ತಗ್ಗಿಸಿಕೊಂಡೇ, "ಗುರುವಾರ ಶುರು ಮಾಡ್ತೀನಿ. ಕಿಟಕಿ ಹಾಕ್ಕೊಳ್ಳಿ," ಅಂದ. "ಮೂಲೆಗೆ ಈ ಸಲ ಹಾಕಲ್ಲ."

"ಸುತ್ತ ಹಾಕಿದ್ರೆ ಮೂಲೆಗೆ ಹೋಗಲ್ವಾ ಅದು? ಮಣ್ಣೊಳಗೆ ಗೋಡೆ ಕಟ್ಟಿದ್ದೀಯಾ?" ಅಂದ ದೊಡ್ಡಪ್ಪ.

"ಹಾಗಂತ ಬಿತ್ತೋದು ಬಿಡ್ಲಾ? ತಿನ್ನೋದೇನು ನಾವು?"

"ಮೊದ್ಲೂ ಇದೇ ನೆಲದಲ್ಲಿ ತಿಂದಿದ್ದೀವಿ ಕಣೋ."

"ಮೊದ್ಲು ನೀವು ತಿಂದಿದ್ದು ಅರ್ಧ ಹೊಟ್ಟೆ ದೊಡ್ಡಪ್ಪ! ಅಪ್ಪಾನೇ ಹೇಳ್ತಿದ್ರು. ಔಷಧಿ ಮೊದಲು ತಂದೋರೂ ಅಪ್ಪಾನೇ. ನಾನು ಹುಟ್ಟಿಸ್ಕೊಂಡಿದ್ದಲ್ಲ!"

ಅದೂ ಸುಳ್ಳಲ್ಲ. ಮೊದಲ ಪೀಪಾಯಿಯನ್ನು ತಬ್ಬಿಕೊಂಡು ಇಳಿಸಿದವನು ಅವಳ ಗಂಡನೇ. ಆ ವರ್ಷದ ಬೆಳೆ ನೋಡಿ ಮಗುವಿನ ಹಾಗೆ ಕುಣಿದಿದ್ದ. ಟೈಲರಮ್ಮ ವಾದಕ್ಕೆ ಇಳಿಯಲಿಲ್ಲ. ಮೇಜು ಒರೆಸಿ ಮಲಗಿದಳು.

ಗುರುವಾರ ಬೆಳಗ್ಗೆ ಮಗ ಟ್ರಾಕ್ಟರ್ ಹತ್ತುವ ಮೊದಲೇ ಟೈಲರಮ್ಮ ಹೊಲಿಗೆ ಯಂತ್ರದ ಒಂದು ತುದಿ ಹಿಡಿದು ಜಗಲಿಯಿಂದ ಇಳಿಸುತ್ತಿದ್ದಳು. ಕಬ್ಬಿಣದ ಕಾಲಿನ ಹಳೆಯ ಯಂತ್ರ, ಒಬ್ಬರ ಕೈಲಾಗುವ ಮಾತಲ್ಲ. ಸೊಸೆ ಬಾಗಿಲಲ್ಲಿ ನಿಂತು ನೋಡಿದಳು.

"ಎಲ್ಲಿಗೆ ಅತ್ತೆ?"

"ನಿಮ್ಮ ಮಾವನ ಹತ್ರ. ಅಲ್ಲೇ ಕೂತು ಹೊಲೀತೀನಿ. ನನ್ನ ಮೇಲೆ ಹಾಕ್ಲಿ ಔಷಧಿ, ಅವನಿಗೆ ಮನಸ್ಸು ಬಂದ್ರೆ."

ಸೊಸೆ ಒಂದು ಗಳಿಗೆ ಗಂಡನ ಕಡೆ ನೋಡಿದಳು. ಹೋಗಿ ಯಂತ್ರದ ಇನ್ನೊಂದು ತುದಿ ಹಿಡಿದಳು. ಅತ್ತೆ ಸೊಸೆ ಇಬ್ಬರೂ ಅದನ್ನು ಹೊತ್ತು ಹೊಲ ದಾಟುವುದನ್ನು ಮಗ ಟ್ರಾಕ್ಟರಿನ ಮೇಲೆ ಕೂತು ನೋಡಿದ. ಎಂಜಿನ್ ಚಾಲು ಮಾಡಲಿಲ್ಲ.

ಟೈಲರಮ್ಮ ಅಲ್ಲೇ ಕೂತು ಇಡೀ ದಿನ ಹೊಲಿದಳು. ಶುಕ್ರವಾರವೂ ಹೊಲಿದಳು. ಊಟ ಅಲ್ಲಿಗೇ ಬಂತು. ಆ ಬಯಲಿನಲ್ಲಿ ಯಂತ್ರದ ಕಟಕಟ ಬಿಟ್ಟರೆ ಬೇರೆ ಒಂದು ಸದ್ದಿಲ್ಲ, ಜೀರುಂಡೆಯಿಲ್ಲ, ಹಕ್ಕಿಯಿಲ್ಲ. ತುಳಿಯುವುದನ್ನು ನಿಲ್ಲಿಸಿದಾಗ ಎಂಥ ಮೌನ ಬರುತ್ತಿತ್ತೆಂದರೆ ಅವಳು ಹೆದರಿ ಮತ್ತೆ ತುಳಿಯುತ್ತಿದ್ದಳು. ಶನಿವಾರ ಮಗ ಬಂದು ಎದುರು ನಿಂತ. ಕಣ್ಣು ಕೆಂಪಾಗಿದ್ದವು.

"ಏನು ಮಾಡ್ಬೇಕು ಹೇಳು ಅಮ್ಮ."

"ಅವರನ್ನ ಇಲ್ಲಿಂದ ಎಬ್ಬಿಸು," ಅಂದಳು.

ಗುಡ್ಡದ ಮೇಲಿನ ಸಾರ್ವಜನಿಕ ಸ್ಮಶಾನಕ್ಕೆ ಒಯ್ಯಲು ಕಚೇರಿಯಿಂದ ಒಪ್ಪಿಗೆ ತರುವುದು ಸೊಸೆಯ ಪಾಲಿಗೆ ಬಂತು. ಅವಳು ಶೆಡ್ಡಿಗೆ ರಜ ಹಾಕಿ ಅಲೆದಳು. ಬಿತ್ತನೆ ಮುಂದೆ ಹೋಯಿತು, ಕಾರ್ಖಾನೆಯವರ ಬೈಗುಳವನ್ನು ಮಗ ನಿಂತು ಕೇಳಿಸಿಕೊಂಡ. ಒಪ್ಪಿಗೆ ಸಿಕ್ಕ ಮೇಲೆ ಒಂದು ಮುಂಜಾನೆ ಸ್ಮಶಾನದ ಗುಂಡಿ ತೋಡುವವನು ಬಂದ. ಮಾತು ಕಡಿಮೆಯ, ಗಟ್ಟಿಮುಟ್ಟಾದ ಮನುಷ್ಯ. ಗುಡ್ಡದ ಮೇಲಿನ ಹೊಸ ಗುಂಡಿಯನ್ನು ಹಿಂದಿನ ಸಂಜೆಯೇ ತೋಡಿಟ್ಟು ಬಂದಿದ್ದ. ಕಂಕುಳಲ್ಲಿ ಒಂದು ಮರದ ಪೆಟ್ಟಿಗೆ, ಶೂ ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು.

"ಇಷ್ಟು ಸಾಕಾ?" ಅಂತ ಕೇಳಿದ ಮಗ.

"ಎಷ್ಟು ವರ್ಷ ಆಯ್ತು ಅಂದ್ರಿ? ನಾಲ್ಕು ತಾನೇ? ಧಾರಾಳ ಸಾಕು. ಮೂಳೆ ಬಿಟ್ಟು ಏನಿರುತ್ತೆ."

ಯಾರೂ ಅವನಿಗೆ ಏನೂ ಹೇಳಲಿಲ್ಲ. ಹೇಳುವುದಾದರೂ ಏನು? ಅವನು ಅಗೆಯತೊಡಗಿದ. ಸೊಸೆ ಅತ್ತೆಯ ತೋಳು ಹಿಡಿದುಕೊಂಡಿದ್ದಳು. ದೊಡ್ಡಪ್ಪ ಕೋಲೂರಿ ನಿಂತು ಎತ್ತಲೋ ನೋಡುತ್ತಿದ್ದ. ಮಣ್ಣು ಸುಲಭವಾಗಿ ಬರುತ್ತಿತ್ತು, ಬೇರಿಲ್ಲ, ಕಲ್ಲಿಲ್ಲ, ಸನಿಕೆಗೆ ಏನೂ ತಾಗುತ್ತಿರಲಿಲ್ಲ. ಅವನ ಸೊಂಟ ಕಾಣದಷ್ಟು ಆಳ ಹೋದ ಮೇಲೆ ಸನಿಕೆ ನಿಂತಿತು. ಅವನು ಬಗ್ಗಿ ಕೈಯಲ್ಲಿ ಏನನ್ನೋ ಎತ್ತಿ ಮೇಲಕ್ಕೆ ಹಿಡಿದ. ಹಳದಿ ಹೂವು. ಎದೆಯ ಮೇಲೆ ಇಟ್ಟು ಕಳಿಸಿದ್ದ ಹೂವು. ಬಾಡಿ ಚಪ್ಪಟೆಯಾಗಿತ್ತು, ಹಳದಿ ಹಳದಿಯೇ ಇತ್ತು.

ಗುಂಡಿ ತೋಡುವವನು ಆ ಹೂವನ್ನು ಹಿಡಿದುಕೊಂಡೇ ಅವರ ಮುಖಗಳನ್ನು ಒಂದೊಂದಾಗಿ ನೋಡಿದ. ಮತ್ತೆ ಬಗ್ಗಿ ಇನ್ನಷ್ಟು ಮಣ್ಣು ಸರಿಸಿದ. ಆಮೇಲೆ ಗಡಬಡಿಸಿ ಮೇಲಕ್ಕೆ ಹತ್ತಿ ಬಂದ. ಹಣೆಯಲ್ಲಿ ಬೆವರು.

"ಪೆಟ್ಟಿಗೆ ಬೇಡ," ಅಂದ. "ಒಂದು ಹಲಗೆ ತನ್ನಿ. ಹೊರೋಕೆ ನಾಲ್ಕು ಜನ ಬೇಕು."

"ಮುಖ?" ಅಂದಳು ಟೈಲರಮ್ಮ.

"ಮುಚ್ಚಿದ್ದೀನಿ ಅಮ್ಮ. ನೋಡ್ಬೇಡಿ. ನೀವು ಗುರುತು ಹಿಡೀತೀರಿ."

ದೊಡ್ಡಪ್ಪ ಕೋಲು ಬಿಟ್ಟು ನೆಲಕ್ಕೆ ಕುಸಿದ. ಬಾಯಿಗೆ ಹೆಸರಾದ ಆ ಮುದುಕ ಬಾಯಿ ಮುಚ್ಚಿಕೊಂಡು ಗೊಳೋ ಅಂತ ಅತ್ತ. ಶೆಡ್ಡಿನಿಂದ ಕ್ಯಾರೆಟ್ ಆರಿಸುವ ಹಲಗೆ ಬಂತು. ಮಗ ಗುಂಡಿಗೆ ಇಳಿದು ತಂದೆಯ ಕಂಕುಳಿಗೆ ಕೈ ಕೊಟ್ಟು ಎತ್ತಿದ. ಎತ್ತುವಾಗ ಅವನ ಬಾಯಿ ಅಲುಗುತ್ತಲೇ ಇತ್ತು. ತಪ್ಪಾಯ್ತು ಅಪ್ಪ, ತಪ್ಪಾಯ್ತು ಅಪ್ಪ ಅನ್ನುತ್ತಿದ್ದ. ಹಲಗೆಗೆ ಮಗ ಒಂದು ಕಡೆ, ಗುಂಡಿ ತೋಡುವವನು ಒಂದು ಕಡೆ, ಸೊಸೆ ಒಂದು ಕಡೆ. ನಾಲ್ಕನೆಯ ಹೆಗಲು ಟೈಲರಮ್ಮನೇ ಕೊಟ್ಟಳು. ಬೇಡ ಅನ್ನಲು ಬಂದ ಮಗನನ್ನು ಕಣ್ಣಲ್ಲೇ ಗದರಿಸಿದಳು. ಹೊಲ ದಾಟಿ, ಕ್ಯಾರೆಟ್ ತುಂಬುವ ಟ್ರೇಲರಿಗೆ ಇಟ್ಟರು. ಭಾರವೋ ಭಾರ.

ಗುಡ್ಡದ ಮೇಲೆ ಬೆಳಕು ಹರಿದಿತ್ತು. ಹಕ್ಕಿಗಳ ಗದ್ದಲಕ್ಕೆ ಮಾತು ಕೇಳುತ್ತಿರಲಿಲ್ಲ. ತೋಡಿಟ್ಟ ಗುಂಡಿಯ ಗೋಡೆಯಲ್ಲಿ ಬೇರುಗಳು, ತೂತುಗಳು, ಕೆಳಗೆ ತೇವದ ಕಪ್ಪು ಮಣ್ಣು. ಬದಿಗೆ ಹಾಕಿದ ರಾಶಿಯಲ್ಲಿ ಎರೆಹುಳುಗಳು ಮಿಜಿಮಿಜಿ ಅನ್ನುತ್ತಿದ್ದವು. ಹುಳು ಕಂಡರೆ ಕಿಟಾರನೆ ಕಿರುಚುತ್ತಿದ್ದ ಹೆಂಗಸು ಟೈಲರಮ್ಮ. ಮೊಣಕಾಲೂರಿ ಕೂತು ಬೊಗಸೆ ತುಂಬ ಹುಳುಗಳ ಸಮೇತ ಆ ಮಣ್ಣನ್ನು ಎತ್ತಿಕೊಂಡಳು. ಗಂಡನನ್ನು ಕೆಳಗೆ ಇಳಿಸಿ ಮಲಗಿಸಿದ ಮೇಲೆ, ಮಗ ತೋಳು ಹಿಡಿದುಕೊಂಡಾಗ ತಾನೂ ಇಳಿದಳು.

ಬಿಳಿ ಅಂಗಿಯ ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ಬೊಗಸೆಯನ್ನು ಎದೆಯ ಮೇಲೆ ಸುರಿದಳು. ಹುಳುಗಳು ಅಂಗಿಯನ್ನು ಮುಟ್ಟಿದವು. ಮುಟ್ಟಿ, ಸೆಟೆದು, ಹಿಂದಕ್ಕೆ ತಿರುಗಿದವು. ಒಂದೂ ಬಿಡದೆ ಅತ್ತಿತ್ತ ಜಾರಿ ಕೆಳಗಿನ ಕಪ್ಪು ಮಣ್ಣಿಗೆ ಹೋದವು.



"ನಿಮ್ಮ ಹೊಲದ ಧೂಳು ಇನ್ನೂ ಬಿಟ್ಟಿಲ್ಲ ನೋಡಿ ನಿಮಗೆ," ಅಂದಳು ಟೈಲರಮ್ಮ ಗಂಡನಿಗೆ. ನಾಲ್ಕು ವಾರದ ಮೇಲೆ ಅವನ ಜೊತೆ ಆಡಿದ ಮೊದಲ ಮಾತು. ಅಂಗೈಯಿಂದ ಅಂಗಿಯನ್ನು ಕೊಡವತೊಡಗಿದಳು. ಕತ್ತುಪಟ್ಟಿ, ಹೆಗಲು, ತೋಳು, ಜೇಬಿನ ಒಳಗೆ. ಕೊಡವಿದ ಪುಡಿಯನ್ನು ಸೊಸೆ ಮೇಲಿಂದ ಇಳಿಸಿದ ಬುಟ್ಟಿಗೆ ತುಂಬಿ ಮೇಲಕ್ಕೆ ಕಳಿಸಿದಳು. ಕುಡಿಯಲು ತಂದಿದ್ದ ಕ್ಯಾನಿನ ನೀರಲ್ಲಿ ಬಟ್ಟೆ ಅದ್ದಿ ಕೈ ಒರೆಸಿದಳು, ಪಾದ ಒರೆಸಿದಳು. ಕೆಳಗಿನ ಮಣ್ಣನ್ನು ಹುಳುಗಳ ಸಮೇತ ಮತ್ತೆ ಬೊಗಸೆ ತುಂಬಿ ಎದೆಯ ಮೇಲಿಟ್ಟು, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು.

"ಅಮ್ಮ, ಮೇಲೆ ಬಾ. ಮುಚ್ಚೋಣ," ಅಂದ ಮಗ.

"ತಡಿ."

ಒಂದು ಹುಳು ಸುಮಾರು ಹೊತ್ತು ಹಾಗೇ ಬಿದ್ದಿತ್ತು. ಆಮೇಲೆ ತಲೆಯೆತ್ತಿ ಅತ್ತಿತ್ತ ತಡಕಿತು. ಅಂಗಿಯ ಬಟನ್ನುಗಳ ಸಾಲಿಗೆ ಬಂತು. ಎರಡು ಬಟನ್ನುಗಳ ನಡುವಿನ ಸಂದಿಯಲ್ಲಿ ಮೂತಿ ತೂರಿಸಿ, ನಿಧಾನಕ್ಕೆ, ಬಾಲದವರೆಗೂ, ಅವಳ ಗಂಡನ ಅಂಗಿಯೊಳಗೆ ಹೋಯಿತು.

ಟೈಲರಮ್ಮ ಬಗ್ಗಿ, ಅದು ಹೋದ ಜಾಗವನ್ನು ನೋಡಿದಳು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು, ಮುಖದಲ್ಲಿ ನಗು ಇತ್ತು.

"ಈಗ ಮುಚ್ಚಿ," ಅಂದಳು.